ಮಾವನವರ ತಾಂಬೂಲದ ಚೀಲ

ಮೊನ್ನೆ ತರೀಕೆರೆಯ ಮದುವೆಯೊಂದರಲ್ಲಿ ತೆಂಗಿನಕಾಯಿ ಹಾಕಿದ ಹಳದಿ ಬಟ್ಟೆಯ ಚೀಲ ಕೈಗೆ ಬಂದಾಗ ನನಗೆ ನಗು ತಡೆಯಲಾಗಲಿಲ್ಲ. ಕೊಟ್ಟ ಹುಡುಗಿ ಗಾಬರಿಯಿಂದ ತನ್ನ ಸೆರಗು ನೋಡಿಕೊಂಡಳು. ಪಾಪ, ಅವಳದೇನೂ ತಪ್ಪಿಲ್ಲ. ಕೇಳಿ, ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಮಾವನವರಿಗೆ ಪ್ರಾಸ್ಟೇಟ್ ಆಪರೇಷನ್ ಆಗಿತ್ತು. ಮೂತ್ರಕ್ಕೆ ಪೈಪು ಹಾಕಿ, ತುದಿಗೊಂದು ಪ್ಲಾಸ್ಟಿಕ್ ಚೀಲ ಜೋಡಿಸಿ, ಕಡೂರಿನ ಮನೆಗೆ ಕಳಿಸಿದ್ದರು. ಬೀದಿಯ ತುದಿಗೆ ಕೇಳುವಂತೆ ಮಾತಾಡುವ ಮನುಷ್ಯ, ಸೊಸೆಯ ಎದುರು ಮಾತ್ರ ಗೋಡೆ ನೋಡಿಕೊಂಡು ಮಾತಾಡುತ್ತಿದ್ದರು. ನಾನೋ, ಕಾನ್ವೆಂಟಿನಲ್ಲಿ ಕಿರುಬೆರಳೆತ್ತಿ ಅಪ್ಪಣೆ ಕೇಳಿ ಬೆಳೆದವಳು; ಆ ಪದವೇ ಬಾಯಿಗೆ ಬಾರದು. ಯಜಮಾನರು ಬೆಳಿಗ್ಗೆ ಚೀಲ ಖಾಲಿ ಮಾಡಿ ಕೆಲಸಕ್ಕೆ ಹೋದರೆಂದರೆ, ನಾವಿಬ್ಬರೂ ಅದು ಇಲ್ಲವೇ ಇಲ್ಲವೆಂಬಂತೆ ದಿನ ದೂಡುತ್ತಿದ್ದೆವು.

ಅವತ್ತು ಅಜ್ಜಂಪುರದಿಂದ ಅವರ ತಂಗಿ ಗಿರಿಜತ್ತೆ ನೋಡಲು ಬರುವವರಿದ್ದರು. ಮಂಚದ ಕೆಳಗೆ ಅದು ಜೋತಾಡುವುದು ಚೆನ್ನಾಗಿರುವುದಿಲ್ಲವೆಂದು, ಯಾವುದೋ ಮದುವೆಯ ತಾಂಬೂಲದ ಚೀಲದೊಳಗೆ ಇಳಿಸಿ, ದಿಂಬಿನ ಪಕ್ಕ ಅಂದವಾಗಿ ಇಟ್ಟೆ. ಕೆಳಗೇ ಇರಲಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು, ನಿಜ. ನೆಂಟರು ಹೋಗುವ ತನಕ ತಾನೇ!

ಮಾವನವರು ಮುಖ ಕಿವುಚಿ ಹೊರಳಾಡತೊಡಗಿದರು. ನೀರು ಕೊಟ್ಟರೆ “ಬ್ಯಾಡ” ಎಂದು ಗೋಡೆಗೆ ಹೇಳಿದರು. ಏನಾಗುತ್ತಿದೆ ಎಂದು ಕೇಳಲು ನನಗೆ ನಾಲಿಗೆ ಏಳಲಿಲ್ಲ.

ಗಿರಿಜತ್ತೆ ಬಂದು ಕೂತವರೇ ಚೀಲ ನೋಡಿದರು. “ಯಾರ ಮದ್ವೆನೋ ಅಣ್ಣಾ? ನಮ್ಗೆ ಹೇಳೇ ಇಲ್ಲ!” ಎನ್ನುತ್ತಾ ಕೈಯನ್ನೇ ಹಾಕಿಬಿಟ್ಟರು. “ಅಯ್ಯಯ್ಯೋ, ಕಾಯಿ ಬೆಚ್ಚಗೈತಲ್ಲೋ!”

“ಬಿಡೇ ಗಿರಿಜಾ, ಅದು ನನ್ನ ಉಚ್ಚೆ ಕಣೇ!”

ಬೀದಿಯ ತುದಿಗೆ ಕೇಳಿಸಿರಬೇಕು. ಗಿರಿಜತ್ತೆ ಕೈ ಝಾಡಿಸಿಕೊಂಡು ನಗತೊಡಗಿದರು, ನನಗೂ ತಡೆಯಲಾಗಲಿಲ್ಲ.

“ನಗಿಸ್ಬ್ಯಾಡ್ರೇ,” ಎಂದು ಮಾವನವರು ಹೊಟ್ಟೆ ಹಿಡಿದುಕೊಂಡರು. “ಆಗ್ಲಿಂದ ಅವಸರ ಆಯ್ತೈತೆ, ಹೋಗ್ತಾ ಇಲ್ಲ. ಒಳಗೇ ಹಿಂಡ್ತೈತೆ.”

ಗಿರಿಜತ್ತೆ ಹೊದಿಕೆ ಸರಿಸಿದರೆ, ಪೈಪು ತೊಡೆಯಡಿ ಮಡಿಸಿಕೊಂಡಿತ್ತು. ಚೀಲ ನಾನಿಟ್ಟ ಎತ್ತರದಲ್ಲಿತ್ತು. ಪೈಪಿನ ಮಡಿಕೆ ಬಿಡಿಸಿ, ಚೀಲ ಕೆಳಗೆ ನೇತುಹಾಕಿದೆ. ಸರಸರನೆ ಹರಿಯಿತು. ಮಾವನವರ ಹುಬ್ಬಿನ ಗಂಟು ಬಿಚ್ಚಿಕೊಂಡಿತು. ಫೋನ್ ಮಾಡಿದಾಗ ಆಸ್ಪತ್ರೆಯವರು, ಪೈಪು ಎಳೆಯದಂತೆ ತೊಡೆಗೆ ಅಂಟಿಸಿ, ಚೆನ್ನಾಗಿ ನೀರು ಕುಡಿಸಿ; ಆಗೀಗ ಅವಸರವಾದಂತೆ ಅನ್ನಿಸುವುದು ಇದ್ದದ್ದೇ; ಹರಿಯುವುದು ನಿಂತರೆ ಮಾತ್ರ ತಡಮಾಡದೆ ಕರೆತನ್ನಿ ಎಂದರು.

ಆಮೇಲೆ ಪೈಪು ತೆಗೆಯುವ ತನಕ “ಉಚ್ಚೆ ಹೋಗ್ತಿದೆಯಾ ಮಾವ?” ಎಂದು ಅಡುಗೆಮನೆಯಿಂದಲೇ ಕೂಗುತ್ತಿದ್ದೆ. ನಮ್ಮ ಕಾನ್ವೆಂಟಿನ ಸಿಸ್ಟರ್ ಕೇಳಿಸಿಕೊಂಡಿದ್ದರೆ ಮಂಡಿಯೂರಿಸುತ್ತಿದ್ದರು.

ಬರುವ ವಾರ ನನಗೆ ಗರ್ಭಕೋಶದ ಆಪರೇಷನ್. ನನಗೂ ಪೈಪು ಹಾಕುತ್ತಾರಂತೆ. ಹೆದರಿಕೆಯನ್ನು ಯಾರಿಗೂ ಹೇಳಿರಲಿಲ್ಲ. ಮದುವೆಯಿಂದ ಬಂದು ಚೀಲ ಮೇಜಿನ ಮೇಲಿಟ್ಟಾಗ, ಮಾವನವರು ಕಾಯಿ ಹೊರತೆಗೆದು, ಚೀಲವನ್ನು ನೀಟಾಗಿ ಮಡಿಸಿ, ನನ್ನ ಆಸ್ಪತ್ರೆಯ ಬ್ಯಾಗಿನೊಳಗೆ ಇಟ್ಟರು.

“ಹಿಂಡಿದ್ರೆ ಗಟ್ಟಿಯಾಗಿ ಕೂಗವ್ವ,” ಎಂದರು, ನನ್ನ ಮುಖವನ್ನೇ ನೋಡಿ. “ಕೆಳಗೆ ನೇತಾಕೋಕೆ ನಾನಿರ್ತೀನಿ.”