ಕಂಪನಿ ಮಾಲಿನ ಮೇಲಿನ ಮಾಯೆ

ಹಳಿಯಾಳದ ಪೇಟೆಯಲ್ಲಿ ಬಟ್ಟೆ ಅಂಗಡಿಯ ಮಾಳಿಗೆ ಮೇಲೆ ನಮ್ಮ ಸಾಫ್ಟ್‌ವೇರ್ ಕಂಪನಿ ಇತ್ತು. ಕಂಪನಿ ಅಂದರೆ ಮಾಲಕರು ಮತ್ತು ಇಬ್ಬರು ಹುಡುಗಿಯರು: ನಾನು, ದಾಂಡೇಲಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ನನ್ನ ಗೆಳತಿ. ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಲಾರಿ ಬಿಡಿಭಾಗ ಮಾರುವ ಅಂಗಡಿಗಳಿಗೆ ನಾವೊಂದು ಪ್ರೋಗ್ರಾಮ್ ಮಾಡುತ್ತಿದ್ದೆವು. ಸಾಮಾನಿನ ಹೆಸರು ಟೈಪ್ ಹೊಡೆದರೆ ಅದು ಯಾವ ಕಪಾಟಿನಲ್ಲಿದೆ ಎಂದು ತೋರಿಸುವಂಥದ್ದು.

"ಇದನ್ನ ನಿಮ್ಮ ಕೂಸು ಅಂತ ತಿಳಕೊಂಡು ಮಾಡ್ರಿ," ಎಂದು ಮಾಲಕರು ಯಾವಾಗಲೂ ಅನ್ನುತ್ತಿದ್ದರು. ನಾನು ಹೂಂ ಅಂದು ಸಂಜೆ ಮನೆಗೆ ಹೋಗುತ್ತಿದ್ದೆ. ಆಕೆ ನಿಜವಾಗಿಯೂ ಹಾಗೇ ತಿಳಿದುಕೊಂಡಳು. ಅವಳ ಅಬ್ಬಾ ಲಾರಿ ಮೆಕ್ಯಾನಿಕ್. ಲಾರಿಯ ಭಾರ ಹೊರುವ ಲೀಫ್ ಸ್ಪ್ರಿಂಗಿಗೆ ಗ್ಯಾರೇಜಿನಲ್ಲಿ ಪಾಟಾ ಅಂತಾರೆ. ಅಂಥ ಹೆಸರುಗಳನ್ನೆಲ್ಲ ಭಾನುವಾರ ಅಬ್ಬಾನ ಪಕ್ಕ ಕೂತು ಕೇಳಿ, ಪ್ರೋಗ್ರಾಮಿಗೆ ಸೇರಿಸಿದಳು. ಹಾಗೆ ಮಾಡಲು ಯಾರೂ ಹೇಳಿರಲಿಲ್ಲ. ಅಂಗಡಿಯವರಿಗೆ ಹಿಡಿಸಿದ್ದೇ ಅದು.

ಒಂದು ಮಳೆಗಾಲದಲ್ಲಿ ಪುಣೆಯ ಕಂಪನಿಯೊಂದು ನಮ್ಮನ್ನು ಕೊಂಡಿತು. ಅವರಿಗೆ ಬೇಕಿದ್ದದ್ದು ನಮ್ಮ ಗಿರಾಕಿಗಳು ಮಾತ್ರ. ಪ್ರತಿ ಅಂಗಡಿಗೂ ಹೋಗಿ ನಮ್ಮ ಪ್ರೋಗ್ರಾಮ್ ತೆಗೆದು ಅವರದನ್ನು ಹಾಕಿ ಬರಬೇಕು, ಹಳೆಯದು ಎಲ್ಲಿಯೂ ಉಳಿಯಬಾರದು ಎಂದು ಕರಾರಾಗಿತ್ತು.

"ಕೂಸು ಅಂತಿದ್ರಲ್ರೀ ಸರ್," ಎಂದಳು ಆಕೆ.

"ಕೆಲಸ ಚಲೋ ಆಗಲಿ ಅಂತ ಅಂದಿದ್ನವ್ವಾ. ಮಾಲು ನಂದಲ್ಲೇನು? ಇಷ್ಟ್ಯಾಕ ಮನಸಿಗೆ ಹಚ್ಚಿಕೊಂಡಿ?"

ಮಾಲಕರ ದನಿಯಲ್ಲಿ ಸಿಟ್ಟಿರಲಿಲ್ಲ. ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ನಮ್ಮ ಜಿಲ್ಲೆಯದೇ ರಾಮನಗರದ ಅಂಗಡಿಯೊಂದಕ್ಕೆ ನಾವಿಬ್ಬರೂ ಹೋದೆವು. ಹೊಸದನ್ನು ಹಾಕಿ ಮುಗಿಸಿದ ಮೇಲೆ ಅಂಗಡಿಯ ಚಾಚಾ ಪಾಟಾ ಎಂದು ಹೊಡೆದರು. ಏನೂ ಬರಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ಹೊಡೆದರು.

"ಬೇಟಿ, ಮೊದಲಿಂದು ನೀನ ಮಾಡಿದ್ದಿ ಅಲ್ಲೇನು? ಇದರಾಗೂ ಹಾಕಿ ಕೊಡು."

"ಇದು ನನ್ನ ಕೈಯಾಗ ಇಲ್ಲ ಚಾಚಾ."

"ಹಂಗಾರ ಹಳೇದನ್ನ ಇಟ್ಟು ಹೋಗು."

ಆಕೆ ನನ್ನತ್ತ ನೋಡಿದಳು. ನಾನು ಕೇಬಲ್ ಸುತ್ತುತ್ತ ನಿಂತೆ. ಚಾಚಾ ನಮಗೆ ಚಹಾ ತರಿಸಿದರು. ಆಕೆ ಕುಡಿಯಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ, "ನೀನ ಶಾಣ್ಯಾಕಿ. ಏನೂ ಹಚ್ಚಿಕೊಳ್ಳಲಿಲ್ಲ," ಎಂದಳು. ಜಾಣೆ ಅಂತ ಹೊಗಳಿದಳೋ ಮೂದಲಿಸಿದಳೋ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಕೆಲವೇ ವಾರಗಳಲ್ಲಿ ಆಕೆ ಕೆಲಸ ಬಿಟ್ಟು, ದಾಂಡೇಲಿಯ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸಲು ಸೇರಿದಳು. ನಾನು ಉಳಿದೆ. ಹೊಸ ಕಂಪನಿಯವರು ಹುಬ್ಬಳ್ಳಿಯಲ್ಲಿ ಮೀಟಿಂಗ್ ಕರೆದು, ನಮ್ಮ ಪ್ರಾಡಕ್ಟನ್ನು ಮನಸಾರೆ ಪ್ರೀತಿಸುವವರು ಕೈ ಎತ್ತಿರಿ ಎಂದರು. ಸುತ್ತ ಎಲ್ಲರೂ ಎತ್ತಿದರು. ನಾನೂ ಎತ್ತಿದೆ.