ಜೀಪಿನ ಹಿಂದೆ ಗಿರಣಿ ಕಟ್ಟಿಕೊಂಡು ಜೋಯಿಡಾಕ್ಕೆ

ಹಳಿಯಾಳದಿಂದ ನಾವು ಹೊರಟಿದ್ದು ಡಿಸೆಂಬರಿನ ಕೊನೆಯ ಭಾನುವಾರ, ಬೆಳಕು ಹರಿಯುವ ಹೊತ್ತಿಗೆ. ನಮ್ಮವರು ಸ್ಟೇರಿಂಗ್ ಹಿಡಿದಿದ್ದರು, ಪಕ್ಕದಲ್ಲಿ ನಾನು, ಹಿಂದೆ ಕೊಂಡಿಗೆ ಸಿಕ್ಕಿಸಿದ ಎರಡು ಗಾಲಿಯ ಟ್ರೇಲರ್. ಅದರ ಮೇಲೆ ಒಂದು ಭತ್ತದ ಗಿರಣಿ, ಅದನ್ನು ತಿರುಗಿಸುವ ಡೀಸೆಲ್ ಎಂಜಿನ್, ಅಡಿಪಾಯಕ್ಕೆಂದು ನಾಲ್ಕು ಚೀಲ ಸಿಮೆಂಟು. ಎಲ್ಲ ಸೇರಿ ಒಂದೂವರೆ ಟನ್ನಿಗೆ ಕಡಿಮೆ ಇರಲಿಲ್ಲ. ಎಳೆಯುವ ಜೀಪೋ, ಸರಕಾರಿ ಹರಾಜಿನಲ್ಲಿ ಕೊಂಡ ಹಳೆಯ ಡೀಸೆಲ್ ಗಾಡಿ. ಅದು ಮನೆಗೆ ಬಂದ ದಿನ ಇಡೀ ಓಣಿ ಮೂಗು ಮುರಿದಿತ್ತು. ನಾನೂ ಮುರಿದಿದ್ದೆ. ಆದರೆ ನಮ್ಮ ಗಾಡಿಯನ್ನು ನಾನು ಬೈಯಬಹುದು, ಕಂಡವರು ಬೈದರೆ ಸೇರುವುದಿಲ್ಲ. ಇದು ಜೋಯಿಡಾದ ಏರು ಹತ್ತುವುದಿಲ್ಲ ಎಂದ ಪಕ್ಕದ ಮನೆಯವರಿಗೆ ನಾಲ್ಕು ಮಾತು ಆಡಿಯೇ ನಾನು ಜೀಪು ಹತ್ತಿದ್ದೆ.

ಗಿರಣಿ ಗಂಗಕ್ಕನದು. ಗಂಗಕ್ಕ ನಮ್ಮವರ ಅಕ್ಕ. ಜೋಯಿಡಾ ದಾಟಿ ಅನಮೋಡದ ದಿಕ್ಕಿಗೆ ಹೋದರೆ ಕಾಡೊಳಗೆ ಒಂದು ಸಣ್ಣ ಊರಿದೆ, ಅವಳನ್ನು ಕೊಟ್ಟದ್ದು ಅಲ್ಲಿಗೆ. ಗಂಡ ತೀರಿಕೊಂಡು ಐದು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಸುಗ್ಗಿ ಮುಗಿದ ಕೂಡಲೇ ನಮ್ಮ ಮನೆಗೆ ಬಂದು ಯುಗಾದಿಯವರೆಗೆ ಇರುತ್ತಿದ್ದಳು. ನನಗಿಂತ ಮೊದಲು ಎದ್ದು ಕಸ ಹೊಡೆಯುವಳು, ಎರಡನೇ ರೊಟ್ಟಿ ಬಡಿಸಿದರೆ ಬೇಡ ಎನ್ನುವಳು. ತವರುಮನೆಯಲ್ಲಿ ಹೆಣ್ಣುಮಗಳು ಹೀಗೆ ಹೆದರಿ ಉಣ್ಣುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ಹೆದರಬೇಡ ಎಂದು ಎಷ್ಟು ಹೇಳಿದರೂ ಅಷ್ಟೇ.

ಆ ಊರಿನ ಹೆಂಗಸರು ಭತ್ತವನ್ನು ಒನಕೆಯಿಂದ ಕುಟ್ಟಬೇಕು, ಇಲ್ಲವೇ ತಲೆಯ ಮೇಲೆ ಹೊತ್ತು ಜೋಯಿಡಾಕ್ಕೆ ನಡೆಯಬೇಕು. ಊರ ಬಾಯಲ್ಲಿ ದಾರಿಗೆ ಹತ್ತಿದ ಒಂದು ತುಂಡು ಜಾಗವಿತ್ತು. ಅಲ್ಲಿ ಗಿರಣಿ ಹಾಕುತ್ತೇನೆ ಎಂದು ಗಂಗಕ್ಕ ಕೇಳಿದಳು. ಅದೇ ಜಾಗದಲ್ಲಿ ಸಾರಾಯಿ ಅಂಗಡಿ ಇಡುತ್ತೇನೆ ಎಂದು ಇನ್ನೊಬ್ಬ ಕೇಳಿದ. ಹಿರಿಯರು ಕೂತು ತೀರ್ಮಾನ ಮಾಡಿದರು: ವರ್ಷದ ಕೊನೆಯ ಭಾನುವಾರ ಹೊತ್ತು ಮುಳುಗುವ ಮೊದಲು ಗಿರಣಿ ಬಂದು ಇಳಿದರೆ ಜಾಗ ಗಂಗಕ್ಕನದು, ಇಲ್ಲದಿದ್ದರೆ ಅವನದು. ಹುಬ್ಬಳ್ಳಿಯಿಂದ ಗಿರಣಿ ನಮ್ಮ ಕೈಗೆ ಬಂದದ್ದೇ ಶನಿವಾರ. ಟ್ರ್ಯಾಕ್ಟರುಗಳೆಲ್ಲ ಕಬ್ಬಿನ ಸಾಗಾಟದಲ್ಲಿದ್ದವು, ಲಾರಿ ಆ ಊರಿನ ದಾರಿಗೆ ಇಳಿಯುವುದಿಲ್ಲ. ಹಾಗಾಗಿ ನಮ್ಮ ಜೀಪೇ ಗತಿಯಾಯಿತು.

ದಾಂಡೇಲಿಯವರೆಗಿನ ಇಪ್ಪತ್ತೈದು ಕಿಲೋಮೀಟರಿನಲ್ಲಿ ಮಂಜು ದಟ್ಟವಾಗಿತ್ತು. ಸ್ವಲ್ಪ ಓಟ ಸಿಕ್ಕರೆ ಸಾಕು, ಟ್ರೇಲರ್ ಹಿಂದಿನಿಂದ ಜೀಪನ್ನು ಎಡಕ್ಕೂ ಬಲಕ್ಕೂ ಜಗ್ಗುತ್ತಿತ್ತು. ರಸ್ತೆ ಕೆಟ್ಟಿದೆ ಎಂದು ನಮ್ಮವರು ಹೇಳಿದರು. ರಸ್ತೆ ಅಲ್ಲ, ನೀವು ಸಿಮೆಂಟಿನ ಚೀಲಗಳನ್ನು ಹಿಂದಿನ ತುದಿಗೆ ಹೇರಿದ್ದೀರಿ, ಮೂತಿ ಮೇಲೆದ್ದು ಬಾಲ ಆಡುತ್ತಿದೆ ಎಂದು ನಾನು ಹೇಳಿದೆ. ಒಪ್ಪಲಿಲ್ಲ. ದಾಂಡೇಲಿಯ ಬಂಗೂರನಗರದಲ್ಲಿ ನಿಲ್ಲಿಸಿ, ಕಾಗದದ ಕಾರ್ಖಾನೆಯ ವಾಸನೆಯ ನಡುವೆಯೇ ಬಿಸಿ ಅವಲಕ್ಕಿ ತಿಂದು, ಎರಡೆರಡು ಚಹಾ ಕುಡಿದ ಮೇಲೆ ಚೀಲಗಳನ್ನು ಮುಂದಕ್ಕೆ ಸರಿಸಿದರು. ಅಲ್ಲಿಂದ ಟ್ರೇಲರ್ ತೆಪ್ಪಗೆ ಹಿಂದೆ ಬಂತು. ನಾನು ಅವರ ಮುಖ ನೋಡಿದೆ.

ದಾಂಡೇಲಿ ಬಿಟ್ಟ ಮೇಲೆ ಏರು ಶುರುವಾಯಿತು. ನಾಲ್ಕೂ ಗಾಲಿಗೆ ಎಳೆತ ಕೊಟ್ಟು, ಒಂದನೇ ಗೇರಿನಲ್ಲಿ ಜೀಪು ಗುರುಗುಡುತ್ತ ಹತ್ತಿತು. ಸೈಕಲ್ ತಳ್ಳಿಕೊಂಡು ಹೊರಟವನೊಬ್ಬ ನಮ್ಮನ್ನು ದಾಟಿ ಹೋದ. ಕಡಿದಾದ ಕಡೆ ನಾನು ಕೆಳಗಿಳಿದು, ಗಾಲಿಗೆ ಅಡ್ಡ ಇಡಲು ಒಂದು ಗುಂಡುಕಲ್ಲು ಎತ್ತಿಕೊಂಡು ಟ್ರೇಲರ್ ಪಕ್ಕದಲ್ಲಿ ನಡೆದೆ. ಹಳಿಯಾಳದ ಕನ್ನಡ ಶಾಲೆಯ ಟೀಚರಾದ ನಾನು ಅಂದು ಜೀಪಿನ ಕ್ಲೀನರು. ಎರಡು ಸಲ ರೇಡಿಯೇಟರ್ ಕುದಿಯಿತು, ಎರಡು ಸಲವೂ ಹಳ್ಳದ ನೀರು ತಂದು ಹುಯ್ದೆವು. ಜೀಪು ಮಾತ್ರ ಒಂದು ಸಲವೂ ಹಿಂದಕ್ಕೆ ಜಾರಲಿಲ್ಲ, ಭಲೇ ಗಾಡಿ.

ತೊಂದರೆ ಕೊಟ್ಟದ್ದು ಇಳಿಜಾರು. ಟ್ರೇಲರಿಗೆ ಬ್ರೇಕಿಲ್ಲ, ಇಳಿಯುವಾಗ ಅದರ ಭಾರವೆಲ್ಲ ಜೀಪನ್ನು ದೂಡುತ್ತದೆ. ನಮ್ಮ ಕಡೆ ಚಕ್ಕಡಿಯವರು ಕಾಡಿನ ದಾರಿಯಲ್ಲಿ ಇಳಿಯುವಾಗ ಗಾಡಿಯ ಹಿಂದೆ ಮರದ ತುಂಡು ಕಟ್ಟುತ್ತಾರೆ. ಅದು ನೆಲಕ್ಕೆ ಉಜ್ಜುತ್ತ ಬಂದು ಓಟ ತಡೆಯುತ್ತದೆ. ನಮ್ಮವರು ರಸ್ತೆಯ ಪಕ್ಕ ಬಿದ್ದಿದ್ದ ಒಂದು ಒಣ ದಿಮ್ಮಿ ಹುಡುಕಿ, ಎತ್ತಿ ನೋಡಿ, ಭಾರ ಚಲೋ ಐತಿ ಎಂದು ಖುಷಿಯಿಂದ ಸರಪಳಿ ಹಾಕಿ ಬಿಗಿದರು. ಎರಡು ಇಳಿಜಾರು ಹೂವಿನಂತೆ ಇಳಿದೆವು. ಜೋಯಿಡಾ ಇನ್ನೇನು ಬಂತು ಎನ್ನುವಾಗ ಅರಣ್ಯ ತಪಾಸಣೆಯ ನಾಕಾದ ಗಾರ್ಡು ಅಡ್ಡ ಬಂದ.

ಗಿರಣಿಯ ಕಡೆ ಅವನು ಕಣ್ಣೆತ್ತಿಯೂ ನೋಡಲಿಲ್ಲ. ಬಗ್ಗಿ ದಿಮ್ಮಿಯನ್ನು ಉಗುರಿನಿಂದ ಕೆರೆದ, ಮೂಸಿದ.

"ಸಾಗವಾನಿ ಐತ್ರಿ ಇದು," ಎಂದ.

ಅದು ಬ್ರೇಕು ಎಂದು ನಮ್ಮವರು ಹೇಳಿದರು. ಬ್ರೇಕಿಗೆ ಆದರೂ ಸಾಗವಾನಿ ಸಾಗವಾನಿಯೇ, ಪಾಸಿಲ್ಲದೆ ಹೆಜ್ಜೆ ಮುಂದೆ ಹೋಗುವ ಹಾಗಿಲ್ಲ ಎಂದು ಅವನು ಹೇಳಿದ. ಇಷ್ಟು ದೊಡ್ಡ ಕಾಡಿನಲ್ಲಿ ಮತ್ತಿ, ಕಿಂದಳದಂಥ ಮರಗಳನ್ನೆಲ್ಲ ಬಿಟ್ಟು ನಮ್ಮವರ ಕೈಗೆ ಸಾಗವಾನಿಯೇ ಸಿಗಬೇಕೆ! ನಗು ಬಂತು, ಸಿಟ್ಟೂ ಬಂತು. ಗಾರ್ಡು ಕೆಟ್ಟವನಲ್ಲ. ಗಂಗಕ್ಕನ ವಿಷಯವನ್ನೆಲ್ಲ ನಾನು ಹೇಳಿದೆ, ಪೂರ್ತಿ ಕೇಳಿದ. ಆದರೂ ತುಂಡು ಬಿಚ್ಚಿಸಿ ನಾಕಾದ ಹಿಂದೆ ಹಾಕಿಸಿಕೊಂಡ, ಕಾಡಿನ ಬೇರೆ ಯಾವ ಕಟ್ಟಿಗೆಯನ್ನೂ ಮುಟ್ಟಬೇಡಿ ಎಂದು ಹೇಳಿ ಕಳಿಸಿದ. ಅಷ್ಟರಲ್ಲಿ ಮಧ್ಯಾಹ್ನ ಜಾರಿತ್ತು. ಜೋಯಿಡಾದಲ್ಲಿ ಊಟಕ್ಕೂ ನಿಲ್ಲದೆ, ಮನೆಯಿಂದ ತಂದ ರೊಟ್ಟಿ, ಶೇಂಗಾ ಚಟ್ನಿಯನ್ನು ಜೀಪಿನಲ್ಲೇ ತಿಂದೆವು.

ಊರಿಗೆ ಇಳಿಯುವ ಕೊನೆಯ ಮಣ್ಣಿನ ಇಳಿಜಾರಿನ ತಲೆಯ ಮೇಲೆ ನಮ್ಮವರು ಜೀಪು ನಿಲ್ಲಿಸಿದರು. ಕೆಳಗೆ ಗದ್ದೆ ಬಯಲು, ಗಂಗಕ್ಕ ಕಟ್ಟಿಸಿದ ತಟ್ಟಿಯ ಚಪ್ಪರ, ಅದರ ಮುಂದೆ ನಿಂತ ಜನ, ಎಲ್ಲ ಕಾಣುತ್ತಿತ್ತು. ದಾರಿ ಥೇಟು ಜಾರುಬಂಡೆ. ಜೀಪಿನ ಬ್ರೇಕು ಕಾದು ವಾಸನೆ ಹೊಡೆಯುತ್ತಿತ್ತು.

"ಇದು ಆಗೂದಿಲ್ಲ ಅನಸ್ತದ ನನಗ," ಎಂದರು.

ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವರ ಬಾಯಿಂದ ಈ ಮಾತು ನಾನು ಕೇಳಿರಲಿಲ್ಲ. ಹೊತ್ತು ಆಗಲೇ ಮರಗಳ ತುದಿಗೆ ಇಳಿದಿತ್ತು. ಗಾಲಿಗೆ ಕಲ್ಲು ಕೊಟ್ಟು, ನೀವಿಲ್ಲೇ ಇರಿ ಎಂದು ಹೇಳಿ, ಸೀರೆ ಎತ್ತಿ ಕಟ್ಟಿ ನಾನು ಕೆಳಗೆ ಓಡಿದೆ.

ಅರ್ಧ ದಾರಿಯಲ್ಲೇ ಗಂಗಕ್ಕ ಎದುರಾದಳು. ಹಿಂದೆ ಊರಿನ ಹೆಂಗಸರು. ಜೀಪಿನ ಸದ್ದು ನಿಂತದ್ದು ಕೇಳಿಯೇ ಹತ್ತಿ ಬರುತ್ತಿದ್ದರು. ದಿಮ್ಮಿ ಹೋದ ಕಥೆಯನ್ನು ಏದುಸಿರಿನಲ್ಲಿ ಹೇಳಿದೆ. ಗಂಗಕ್ಕ ಕೊಂಕಣಿಯಲ್ಲಿ ಅವರಿಗೆ ಏನೋ ಹೇಳಿದಳು. ಇಬ್ಬರು ಹಿಂದಕ್ಕೆ ಓಡಿ, ಭತ್ತದ ಹೊರೆ ಕಟ್ಟುವ ಹಗ್ಗಗಳನ್ನು ತಂದರು. ಮೂರು ಮೂರು ಎಳೆ ಸೇರಿಸಿ ಹೊಸೆದು, ಎರಡು ಉದ್ದನೆಯ ಹಗ್ಗ ಮಾಡಿ, ಮೇಲೆ ಹತ್ತಿ ಬಂದು ಟ್ರೇಲರಿನ ಹಿಂದಿನ ಮೂಲೆಗಳಿಗೆ ಬಿಗಿದರು. ಒಂದೊಂದು ಹಗ್ಗಕ್ಕೆ ಹತ್ತು ಹನ್ನೆರಡು ಜನ, ಹಿಮ್ಮಡಿ ಊರಿ, ಹಿಂದಕ್ಕೆ ವಾಲಿ ನಿಂತರು. ಚಪ್ಪರದ ಮುಂದಿನ ಗಂಡಸರು ನೋಡುತ್ತ ನಿಂತಿದ್ದರು.

"ಮಾರುತಿ, ನೀ ಮುಂದ ನೋಡಿ ಇಳಸು. ಹಿಂದಿಂದು ನಾವು ನೋಡ್ಕೋತೀವಿ," ಎಂದಳು ಗಂಗಕ್ಕ ತಮ್ಮನಿಗೆ.

ಜೀಪು ಒಂದನೇ ಗೇರಿನಲ್ಲಿ ಅಂಗುಲ ಅಂಗುಲವಾಗಿ ಇಳಿಯಿತು. ನಾನೂ ಹಗ್ಗ ಹಿಡಿದಿದ್ದೆ. ಅಂಗೈ ಸುಲಿಯಿತು, ಮಣ್ಣಿನಲ್ಲಿ ಹಿಮ್ಮಡಿ ಉತ್ತುಕೊಂಡು ಹೋಯಿತು, ಆದರೆ ಒಬ್ಬಳೂ ಕೈ ಬಿಡಲಿಲ್ಲ. ಗಂಡಸರಲ್ಲಿ ಕೆಲವರು ಕೊನೆಯ ತಿರುವಿನಲ್ಲಿ ಓಡಿ ಬಂದು ಹಗ್ಗಕ್ಕೆ ಕೈ ಹಾಕಿದರು. ಗಿರಣಿ ಆ ಜಾಗದಲ್ಲಿ ನಿಂತಾಗ ಬಿಸಿಲು ಚಪ್ಪರದ ಮೇಲೆ ಇನ್ನೂ ಇತ್ತು. ಹಿರಿಯರಲ್ಲೊಬ್ಬರು ಬಂದು ಒಂದು ತೆಂಗಿನಕಾಯಿಯನ್ನು ಗಂಗಕ್ಕನ ಕೈಗೆ ಕೊಟ್ಟು, ನೀನೇ ಒಡೆ ಎಂದರು. ನನಗೆ ಅಳು ತಡೆಯಲಾಗಲಿಲ್ಲ. ನಮ್ಮವರೂ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ಅತ್ತಕಡೆ ಮುಖ ತಿರುಗಿಸಿದ್ದರು.

ಮರುದಿನ ಬೆಳಿಗ್ಗೆ ತಾತ್ಕಾಲಿಕವಾಗಿ ದಪ್ಪ ಹಲಗೆಗಳ ಮೇಲೆಯೇ ಎಂಜಿನ್ ಕೂರಿಸಿ ಗಿರಣಿ ಓಡಿಸಿ ನೋಡಿದೆವು. ಸಿಮೆಂಟಿನ ಕೆಲಸವನ್ನು ಊರವರೇ ಮಾಡುತ್ತೇವೆ ಎಂದರು. ಸುದ್ದಿ ಹಬ್ಬಿ, ನಾವು ಹೊರಡುವಷ್ಟರಲ್ಲಿ ಚಪ್ಪರದ ಮುಂದೆ ಭತ್ತದ ಬುಟ್ಟಿಗಳು ಸಾಲು ಹಿಡಿದಿದ್ದವು. ಸುಗ್ಗಿ ಮುಗಿದಿತ್ತು, ಗಂಗಕ್ಕ ನಮ್ಮಲ್ಲಿಗೆ ಬರುವ ಹೊತ್ತು. ನಾನು ರೂಢಿಯಂತೆ ಜೀಪಿನ ಹಿಂದಿನ ಸೀಟು ಜಾಡಿಸಿ, ಬಟ್ಟೆಯ ಗಂಟು ತಗೊಂಡು ಬಾ ಅಕ್ಕಾ, ಹೋಗೂಣು ಎಂದೆ.

ಗಂಗಕ್ಕ ತೌಡು ಮೆತ್ತಿದ ಕೈಯಿಂದಲೇ ಹಣೆ ಒರೆಸಿಕೊಂಡಳು. ಬುಟ್ಟಿಗಳ ಸಾಲು ನೋಡಿದಳು, ನನ್ನನ್ನು ನೋಡಿದಳು.

"ನಾ ಹೆಂಗ ಬರ್ಲಿ ಸುಮಾ? ಯುಗಾದಿಗೆ ನೀವ ಬರ್ರಿ, ನಮ್ಮ ಮನಿಗೆ."