ಹೊಳೆಯುವ ಬದಿ

ನನಗೆ ಅನುಮಾನ ಜಾಸ್ತಿ. ಟೊಮೇಟೊ ಕೊಳ್ಳುವಾಗ ಮೇಲಿನ ಸಾಲು ಎತ್ತಿ ಕೆಳಗಿನದನ್ನು ನೋಡುವವನು ನಾನು. ಮುಳಬಾಗಿಲಿನಲ್ಲಿ ಮದುವೆ ವಿಡಿಯೋ ಮಿಕ್ಸಿಂಗ್ ಅಂಗಡಿ ಇಟ್ಟ ಮೇಲೆ ಈ ಗುಣ ಇನ್ನಷ್ಟು ಬಲಿಯಿತು. ಕ್ಯಾಸೆಟ್ ಕಾಲದಲ್ಲಿ ಟೇಪು ಸಿಕ್ಕಿಕೊಂಡರೆ ಕಣ್ಣಿಗೆ ಕಾಣುತ್ತಿತ್ತು, ಬೆರಳು ಹಾಕಿ ಬಿಡಿಸಬಹುದಿತ್ತು. ಡಿವಿಡಿ ಬಂದ ಮೇಲೆ ಆ ಧೈರ್ಯ ಹೋಯಿತು. ಒಳ್ಳೆಯ ಡಿಸ್ಕೂ ಕೆಟ್ಟ ಡಿಸ್ಕೂ ಒಂದೇ ಥರ ಹೊಳೆಯುತ್ತವೆ, ಯಾವುದನ್ನು ನಂಬುವುದು?

ವಿಡಿಯೋವನ್ನು ಡಿಸ್ಕಿಗೆ ಹಾಕುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಬರ್ನ್, ಅಂದರೆ ಸುಡುವುದು ಅನ್ನುತ್ತಾರೆ. ಹೆಣ್ಣಿನ ಕಡೆಯವರಿಗೆ ಫೋನು ಮಾಡಿ ನಿಮ್ಮ ಮದುವೆ ಸುಟ್ಟಿಟ್ಟಿದ್ದೀನಿ ಬನ್ನಿ ಅಂದರೆ ಅವರು ಬರುವುದು ಡಿಸ್ಕಿಗಾಗಿ ಅಲ್ಲ. ಹಾಗಾಗಿ ನಾವು ಬರೆಯುವುದು ಅನ್ನುತ್ತಿದ್ದೆವು.

ನನಗೆ ಬರೆಯುವುದನ್ನು ಕಲಿಸಿದವರು ಕೋಲಾರದ ಮಸೀದಿ ರಸ್ತೆಯ ಒಬ್ಬ ಭಾಯಿ. ಅವರ ತಂದೆ ಗಡಿಯಾರ ರಿಪೇರಿ ಮಾಡುತ್ತಿದ್ದ ಅಂಗಡಿಯಲ್ಲೇ ಇವರು ಖಾಲಿ ಡಿಸ್ಕ್ ಮಾರುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ಡಬ್ಬದ ಮೇಲಿನ ಹೆಸರು ನೋಡಿ ಮೋಸ ಹೋಗಬೇಡಿ, ಹೆಸರನ್ನು ಯಾರು ಬೇಕಾದರೂ ಅಚ್ಚು ಹಾಕಿಸುತ್ತಾರೆ ಎಂದು ಮೊದಲು ಹೇಳಿದವರು ಅವರೇ. ಡಿಸ್ಕನ್ನು ಟ್ಯೂಬ್‌ಲೈಟಿಗೆ ಹಿಡಿದು, ನಡುವಿನ ತೂತಿನ ಸುತ್ತ ಸಣ್ಣಗೆ ಕೊರೆದಿರುವ ನಂಬರು ಓದುವುದನ್ನು ತೋರಿಸಿಕೊಟ್ಟರು. ಆ ನಂಬರು ಬದಲಾದರೆ ತಯಾರಿಸಿದ ಕಡೆಯೂ ಬದಲಾಗಿರಬಹುದಂತೆ. ಡಿಸ್ಕಿನಲ್ಲಿ ಪ್ಲಸ್, ಮೈನಸ್ ಎಂದು ಎರಡು ಜಾತಿ, ಹಳೆಯ ಪ್ಲೇಯರುಗಳು ಪ್ಲಸ್ ಡಿಸ್ಕಿಗೆ ಮುಖ ತಿರುಗಿಸುತ್ತವೆ, ಮದುವೆಗೆ ಮೈನಸ್ಸೇ ಇರಲಿ ಅನ್ನುತ್ತಿದ್ದರು.

ಬರೆಯುವ ಸ್ಪೀಡಿನ ವಿಷಯದಲ್ಲಿ ನಮ್ಮಿಬ್ಬರಿಗೂ ಜಗಳವೇ ನಡೆದಿತ್ತು. ಡಿಸ್ಕಿನ ಮೇಲೆ ಹದಿನಾರು ಪಟ್ಟು ವೇಗ ಎಂದು ಅಚ್ಚಾಗಿದ್ದರೂ ನಾನು ಹೆದರಿಕೊಂಡು ಎರಡರಲ್ಲೋ ನಾಲ್ಕರಲ್ಲೋ ಬರೆಯುತ್ತಿದ್ದೆ. ನಿಧಾನ ಮಾಡಿದರೆ ಗಟ್ಟಿಯಾಗಿ ಕೂರುತ್ತದೆಂದು ನನ್ನ ಲೆಕ್ಕ. ಅವರು ಇಲ್ಲವೆಂದು ತಲೆ ಆಡಿಸಿದರು. ಈಗಿನ ಡಿಸ್ಕುಗಳನ್ನು ಅಷ್ಟು ನಿಧಾನಕ್ಕೆ ಮಾಡಿಲ್ಲ, ಪೂರ್ತಿ ಹದಿನಾರಕ್ಕೂ ಹೋಗಬೇಡಿ, ಎಂಟರಲ್ಲಿ ಬರೆದು ನೋಡಿ ಅಂದರು. ಅಂಚಿನವರೆಗೂ ತುಂಬಬೇಡಿ, ಉದ್ದದ ಮದುವೆಗೆ ಎರಡು ಡಿಸ್ಕ್ ಮಾಡಿ, ಮೇಲೆ ಕಾಗದದ ಸ್ಟಿಕ್ಕರ್ ಅಂಟಿಸಬೇಡಿ, ತಿರುಗುವಾಗ ಅಲುಗಾಡುತ್ತದೆ ಎಂದೂ ಹೇಳಿದರು. ನನಗೆ ನಂಬಿಕೆ ಬರಲಿಲ್ಲ. ಮೂರು ಡಿಸ್ಕ್ ಬೇರೆ ಬೇರೆ ಸ್ಪೀಡಿನಲ್ಲಿ ಬರೆದು ಅಂಗಡಿಯ ಹಟಮಾರಿ ಹಳೇ ಪ್ಲೇಯರಿಗೆ ಹಾಕಿದೆ. ಎಂಟರದ್ದು ಸಲೀಸಾಗಿ ಓಡಿತು, ಎರಡರದ್ದು ನಡುನಡುವೆ ತೊದಲಿತು. ಅಂದಿನಿಂದ ಎಂಟೇ.

ಆಗ ಶ್ರೀನಿವಾಸಪುರದ ಒಂದು ಮದುವೆ ಬಂತು. ಮಾವಿನ ಮಂಡಿಯವರ ಮಗಳು. ಎಂಟರಲ್ಲಿ ಬರೆದೆ, ಹಳೇ ಪ್ಲೇಯರಿನಲ್ಲಿ ಮೊದಲಿಂದ ಕೊನೆವರೆಗೆ ಕೂತು ನೋಡಿದೆ. ಎರಡು ಪ್ರತಿ ಮಾಡಿ, ಮೇಲುಬದಿಯಲ್ಲಿ ಶ್ರೀಕಾರ ಹಾಕಿ ಹೆಣ್ಣುಗಂಡಿನ ಹೆಸರು ಬರೆದು ಕಳಿಸಿದೆ. ಮತ್ತೊಂದು ಮದುವೆ ಕಾದಿತ್ತು, ಕಂಪ್ಯೂಟರಿನಲ್ಲಿ ಜಾಗವಿರಲಿಲ್ಲ, ಇದನ್ನು ಅಳಿಸಿಹಾಕಿದೆ. ಕ್ಯಾಮೆರಾದ ಟೇಪುಗಳ ಮೇಲೆ ಆಗಲೇ ಬೇರೆಯವರ ಗೃಹಪ್ರವೇಶ ಹಿಡಿದಿದ್ದಾಗಿತ್ತು. ಆ ಮದುವೆ ಉಳಿದದ್ದು ಆ ಎರಡು ಪ್ರತಿಗಳಲ್ಲಿ ಮಾತ್ರ.

ಆಷಾಢಕ್ಕೆ ಹುಡುಗಿ ತವರಿಗೆ ಬಂದಳು. ಮದುವೆ ನೋಡಲು ನೆಂಟರೆಲ್ಲ ಸೇರಿ ಮೊದಲ ಸಲ ಟೀವಿ ಮುಂದೆ ಕೂತರಂತೆ. ಮಾರನೆಯ ಬೆಳಿಗ್ಗೆ ಅವಳ ತಂದೆಯ ಫೋನು ಬಂತು. ಎರಡು ಪ್ರತಿಯನ್ನೂ ಹಾಕಿದ್ದರು, ಪಕ್ಕದ ಮನೆ ಪ್ಲೇಯರೂ ತಂದು ನೋಡಿದ್ದರು, ಡಿಸ್ಕೇ ಇಲ್ಲ ಎಂದು ತೋರಿಸುತ್ತಿದೆಯಂತೆ. ಮಗಳು ಅಳುತ್ತಾ ಕೂತಿದ್ದಾಳೆ ಅಂದರು.

ಒಬ್ಬ ಹುಡುಗಿಯ ಮದುವೆಯನ್ನೇ ಕಳೆದುಬಿಟ್ಟೆನಲ್ಲ ಎಂದು ಹೆದರಿದೆ. ಆ ಹೆದರಿಕೆ ಕೋಪವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಬರೆದ ದಿನ ಚೆನ್ನಾಗಿ ಓಡಿ, ಒಂದು ತಿಂಗಳಿಗೆ ಸತ್ತುಹೋಗುವ ನಕಲಿ ಡಿಸ್ಕುಗಳಿವೆ ಎಂದು ಮಾಲೂರಿನ ಸ್ಟುಡಿಯೋದವರೊಬ್ಬರು ಹೇಳಿದ್ದರು. ಭಾಯಿಯಿಂದ ತಂದ ಅದೇ ಡಬ್ಬದಲ್ಲಿ ಉಳಿದ ಡಿಸ್ಕುಗಳನ್ನು ತೆಗೆದು ನೋಡಿದೆ. ತೂತಿನ ಸುತ್ತಲಿನ ನಂಬರು ಹಿಂದಿನ ಡಬ್ಬದ್ದಕ್ಕಿಂತ ಬೇರೆ ಇತ್ತು. ಇನ್ನೇನು ಬೇಕು? ನೇರವಾಗಿ ಶ್ರೀನಿವಾಸಪುರಕ್ಕೆ ಹೋಗಬೇಕಾದವನು ಡಬ್ಬ ಚೀಲಕ್ಕೆ ಹಾಕಿಕೊಂಡು ಮೊದಲು ಕೋಲಾರದ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಡಬ್ಬವನ್ನು ಗಲ್ಲಾಪೆಟ್ಟಿಗೆ ಪಕ್ಕ ಕುಕ್ಕಿ, ನಕಲಿ ಮಾಲು ಕೊಟ್ಟಿದ್ದೀರಿ ಎಂದು ಬಾಯಿಗೆ ಬಂದಂತೆ ಅಂದೆ. ಭಾಯಿ ಒಂದು ಡಿಸ್ಕ್ ತೆಗೆದು ಬೆಳಕಿಗೆ ಹಿಡಿದರು. ನಂಬರು ಬೇರೆ, ಮಾಲು ಒಳ್ಳೆಯದೇ, ನಾನೇ ಬರೆದು ನೋಡಿದ್ದೀನಿ ಅಂದರು. ಆಮೇಲೆ, ಓಡದ ಡಿಸ್ಕನ್ನು ಕಣ್ಣಾರೆ ನೋಡಿದ್ದೀರಾ ಎಂದು ಕೇಳಿದರು. ನಾನು ನೋಡಿರಲಿಲ್ಲ. ನೋಡಿಲ್ಲವೆಂದು ಒಪ್ಪಿಕೊಳ್ಳುವುದಕ್ಕೆ ಆಗದೆ ಇನ್ನಷ್ಟು ರೇಗಿದೆ.

"ನಿಮ್ಮವರನ್ನ ನಂಬಿದ್ದೇ ನಂದು ತಪ್ಪು," ಅಂದುಬಿಟ್ಟೆ.

ಅವರು ಡಿಸ್ಕನ್ನು ಡಬ್ಬದೊಳಗಿಟ್ಟರು. "ನಮ್ಮೋರು ಅಂದ್ರೆ?" ಅಂದರು. ನಾನು ಬಸ್ಸಿಗೆ ಹೊತ್ತಾಯಿತು ಎಂದು ಡಬ್ಬವನ್ನು ಅಲ್ಲೇ ಬಿಟ್ಟು ಹೊರಟುಬಂದೆ.

ಶ್ರೀನಿವಾಸಪುರದ ಆ ಮನೆಯಲ್ಲಿ ಯಾರೂ ನಗುಮುಖ ತೋರಲಿಲ್ಲ. ಹುಡುಗಿಯ ಕಣ್ಣು ಊದಿಕೊಂಡಿತ್ತು. ಅವಳ ಅಜ್ಜಿ ದೇವರ ಮನೆಯಿಂದ ಡಿಸ್ಕಿನ ಎರಡು ಪೆಟ್ಟಿಗೆಯನ್ನೂ ತಂದುಕೊಟ್ಟರು. ತೆರೆದು ಡಿಸ್ಕನ್ನು ಮಗುಚಿದೆ. ಹೊಳೆಯುವ ಬದಿಯಲ್ಲಿ, ತೂತಿನ ಸುತ್ತ, ಅರಿಶಿನ ಬಳಿದು ಮೂರು ಕಡೆ ಕುಂಕುಮ ಇಟ್ಟಿತ್ತು. ಒಣಗಿ ಹಿಡಿದುಕೊಂಡಿತ್ತು. ಎರಡನೆಯದರಲ್ಲೂ ಅದೇ. ಡಿಸ್ಕಿನ ಬರಹ ಶುರುವಾಗುವುದೇ ಅಲ್ಲಿಂದ. ಅಷ್ಟು ಮುಚ್ಚಿದರೆ ಪ್ಲೇಯರಿಗೆ ಮುಂದೆ ಇರುವುದು ಏನೂ ಕಾಣುವುದಿಲ್ಲ.

"ಪೆಳ್ಳಿದಿ ಕದಾ ನಾಯನಾ," ಅಂದರು ಅಜ್ಜಿ ತೆಲುಗಿನಲ್ಲಿ, ಮದುವೆಯದಲ್ಲವೇನಪ್ಪಾ ಎಂದು. ಆಮೇಲೆ ಕನ್ನಡಕ್ಕೆ ಬಂದು, "ಪೂಜೆ ಮಾಡ್ದೆ ಹಂಗೇ ಹಾಕಕ್ಕಾಯ್ತದಾ? ಆ ಕಡೆ ಮಕ್ಕಳ ಹೆಸರಿತ್ತು, ಅಳಿಸೋಗ್ತದೆ ಅಂತ ಈ ಕಡೆ ಇಟ್ಟೆ," ಅಂದರು.

ಅವರನ್ನು ಬೈಯಲು ನನಗೆ ಯಾವ ಬಾಯಿತ್ತು? ಒಂದು ಹನಿ ಸೋಪು ಹಾಕಿದ ನೀರಿನಲ್ಲಿ ನೆನೆಸಿ, ಹಳೇ ಪಂಚೆಯ ತುಂಡಿನಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದೆ. ಟೀವಿಯಲ್ಲಿ ನಾದಸ್ವರ ಕೇಳಿಸಿದಾಗ ಹುಡುಗಿ ಅಳುತ್ತಲೇ ನಕ್ಕಳು. ನನಗೂ ಹೋದ ಜೀವ ಬಂತು. ಅವರು ಕೊಟ್ಟ ಮಾವಿನಹಣ್ಣು ತಿನ್ನುತ್ತಾ ಎರಡನೆಯ ಪ್ರತಿಯನ್ನೂ ಹಾಕಿ ನೋಡಿದೆ. ತಿನ್ನುವಾಗ ಕೋಲಾರದ ಅಂಗಡಿ ನೆನಪಾಯಿತು, ಅರ್ಧ ಹಣ್ಣನ್ನು ತಟ್ಟೆಯಲ್ಲೇ ಇಟ್ಟೆ.

ಮರುದಿನವೇ ಹೋದೆ. ಭಾಯಿ ಕೂರಲು ಹೇಳಿದರು, ಟೀ ತರಿಸಿದರು. ಅಜ್ಜಿ ಕುಂಕುಮ ಇಟ್ಟ ಕಥೆಯನ್ನು ಒಂದೂ ಬಿಡದೆ ಹೇಳಿದೆ. ನಿಮ್ಮ ಡಿಸ್ಕಿನಲ್ಲಿ ತಪ್ಪಿರಲಿಲ್ಲ, ನಾನು ದುಡುಕಿದೆ, ಕ್ಷಮಿಸಿ ಅಂದೆ. ಅಜ್ಜಿಯ ಮಾತಿಗೆ ಅವರು ಸ್ವಲ್ಪ ನಕ್ಕರು ಕೂಡ. ನಾನು ಬಿಟ್ಟುಹೋಗಿದ್ದ ಡಬ್ಬವನ್ನು ಕಾಗದದಲ್ಲಿ ಸುತ್ತಿಟ್ಟಿದ್ದರು, ಅದನ್ನು ನನ್ನ ಮುಂದೆ ಇಟ್ಟರು.

"ಡಿಸ್ಕ್ ವಿಷ್ಯ ಆಯ್ತು," ಅಂದರು. "ನಿಮ್ಮೋರು ಅಂದ್ರಲ್ಲ, ಯಾರು ಅಂತ ನೀವು ಹೇಳ್ಲೇ ಇಲ್ಲ."

"ಡಿಸ್ಕ್ ಮಾರೋರು," ಅಂದೆ.

ಅವರು ಹೌದೌದು ಎಂದು ತಲೆಯಾಡಿಸಿ, ಟೀ ಆರುತ್ತದೆ ಕುಡಿಯಿರಿ ಅಂದರು. ನಾನು ಸುಳ್ಳು ಹೇಳಿದ್ದು ಇಬ್ಬರಿಗೂ ಗೊತ್ತಿತ್ತು.